ಟ್ಯಾಂಕಿಗೆ ಫಿನಾಯಿಲ್ ಬಿತ್ತು, ಈಗ ಎಂತ ಮಾಡುದು? – ಅಕ್ವೇರಿಯಂ ಪ್ರಶ್ನೋತ್ತರ

ಅಷ್ಟಮಿ, ಚೌತಿ ಹತ್ರ ಬಂತಂದ್ರೆ ಮನೆ ಕ್ಲೀನಿಂಗ್ ಶುರು, ಮನೆ ಕ್ಲೀನಿಂಗ್ ಶುರುವಾಯ್ತಂದ್ರೆ ನಮ್ಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಫಿನಾಯಿಲ್, ಸ್ಪ್ರೇ, ಬ್ಲೀಚಿಂಗ್ ಇದರದ್ದೇ. ಹಾಗಾಗಿ ಈ ಸಲ ಬಾಕಿ ಎಲ್ಲ ಬದಿಗಿಟ್ಟು ಇದನ್ನೇ ತೆಗೊಂಡಿದ್ದೇವೆ. ಫ್ಲವರ್‌ಹಾರ್ನ್ ಮೀನಿನ ತಲೆ ದೊಡ್ಡದಾಗ್ಲಿಕ್ಕೆ ಎಂತ ಹಾಕ್ಬೇಕು ಅಂತ ಕೇಳಿದವ್ರು ಮುಂದಿನ ಸಂಚಿಕೆ ವರೆಗೆ ಕಾಯಿರಿ.

ಪ್ರಶ್ನೆ: ನಮಸ್ತೆ ಸರ್. ನಮ್ದು ಉಡುಪಿ ಕುಂಜಿಬೆಟ್ಟು. ಹಾಲಲ್ಲಿ 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಉಂಟು. 2 ಗೋಲ್ಡ್‌ಫಿಶ್, ಏಳೆಂಟು ಮೋಲಿ, ಒಂದು ಸಕ್ಕರ್ (ಗ್ಲಾಸಿಗೆ ಬಾಯಿ ಅಂಟಿಸಿ ಕೂರುವ ಮೀನು) ಇತ್ತು. ಮೊನ್ನೆ ಕ್ಲೀನಿಂಗ್ ಮಾಡುವಾಗ ನಮ್ಮ ಅತ್ತೆ, ಟ್ಯಾಂಕಲ್ಲಿ ನೀರು ಕಮ್ಮಿ ಆಗಿದೆ ಅಂತ ನೆಲ ಒರೆಸುವ ಬಕೆಟಲ್ಲೇ ಬಾವಿ ನೀರು ತಂದು ಹೊಯ್ದ್ರು, ಬಕೆಟಿನ ಅಡಿಯಲ್ಲಿ ಬಿಳಿ ಫಿನಾಯಿಲ್ ಉಳಿದದ್ದು ಅವ್ರಿಗೆ ಗೊತ್ತಾಗ್ಲಿಲ್ಲ. ನೀರು ಬೆಳ್ಳಗೆ ಮಸುಕಾಯ್ತು, ಮೀನು ಎಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ಲಿಕ್ಕೆ ಶುರು ಮಾಡಿದ್ವು, 2 ಮೋಲಿ ಅರ್ಧ ಗಂಟೆಯೊಳಗೆ ಸತ್ತೋಯ್ತು. ನಮ್ಮವ್ರು ಗಡಿಬಿಡಿಯಲ್ಲಿ ಉಪ್ಪು ಮತ್ತು ಅಂಗಡಿಯಿಂದ ತಂದ ನೀಲಿ ಮದ್ದು ಹಾಕಿದ್ರು. ಉಳಿದ ಮೀನು ಬದುಕಿಸ್ಬಹುದಾ? ಟ್ಯಾಂಕನ್ನ ಪುನಃ ಉಪಯೋಗಿಸ್ಲಿಕ್ಕೆ ಆಗ್ತದಾ, ಅಥವಾ ಗುಜರಿಗೆ ಹಾಕುದಾ?

ಉತ್ತರ: ಅಕ್ಕ, ಅತ್ತೆಯವ್ರಿಗೆ ಬೈಬೇಡಿ, ಅವ್ರು ಪಾಪ ಒಳ್ಳೇದು ಮಾಡ್ಲಿಕ್ಕೆ ಹೋದದ್ದು. ಬೈಲೇಬೇಕು ಅಂತ ಇದ್ರೆ ನೀಲಿ ಮದ್ದು ಹಾಕಿದವ್ರಿಗೆ ಸ್ವಲ್ಪ ಬೈಯಿರಿ. ನಿಮ್ಗೆ ಅರ್ಜೆಂಟಿಗೆ ಬೇಕಾದ್ದು ಅವತ್ತೇ ಫೋನಲ್ಲಿ ಹೇಳಿ ಆಗಿದೆ, ಆದ್ರೆ ಇದು ನಿಮ್ಮೊಬ್ರ ಮನೆಯ ಕಥೆ ಅಲ್ಲ, ಹಾಗಾಗಿ ಪೂರ್ತಿ ಬರೀತೇನೆ. ಗುಜರಿಗೆ ಹಾಕುದು ಬೇಡ, ಟ್ಯಾಂಕ್ ಸರಿ ಆಗ್ತದೆ.

ಇಂಥದ್ದು ಆದಾಗ ಮೊದಲು ಕೇಳ್ಬೇಕಾದ ಪ್ರಶ್ನೆ ಒಂದೇ: ಬಿದ್ದದ್ದು ಎಂತ? ಬಾಟಲಿ ಹುಡುಕಿ, ಹಿಂದಿನ ಲೇಬಲ್ ಓದಿ, ಫೋಟೋ ತೆಗ್ದಿಟ್ಕೊಳ್ಳಿ. ಬ್ಲೀಚಿಂಗ್ ಆದ್ರೆ ಒಂದು ದಾರಿ, ಸೋಪು ಆದ್ರೆ ಒಂದು ದಾರಿ, ಕೀಟನಾಶಕ ಆದ್ರೆ ಅದು ಬೇರೆಯೇ ಕಥೆ. ನಿಮ್ದು ಬಿಳಿ ಫಿನಾಯಿಲ್. ಅದ್ರಲ್ಲಿ ಮುಖ್ಯವಾಗಿ ಪೈನ್ ಆಯಿಲ್ ಮತ್ತು ಆ ಎಣ್ಣೆಯನ್ನ ನೀರಲ್ಲಿ ಬೆರೆಸ್ಲಿಕ್ಕೆ ಹಾಕುವ ಸೋಪಿನ ಜಾತಿಯ ವಸ್ತು ಇರ್ತದೆ, ನೀರಿಗೆ ಬಿದ್ದ ಕೂಡ್ಲೆ ಬೆಳ್ಳಗಾಗುದು ಅದೇ ಕಾರಣಕ್ಕೆ. ಕೆಲವು ನೆಲ ಒರೆಸುವ ಲಿಕ್ವಿಡಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಅಂತ ಬರ್ದಿರ್ತದೆ, ಅದು ಬ್ಯಾಕ್ಟೀರಿಯಾ ಕೊಲ್ಲುವ ವಸ್ತು. ಕಪ್ಪು ಫಿನಾಯಿಲಿನದ್ದು ಬೇರೆ, ಅದು ಡಾಂಬರಿನಿಂದ ತೆಗೆದ ಫೀನಾಲ್ ಜಾತಿಯ ರಾಸಾಯನಿಕ, ಮೀನಿಗೆ ಇನ್ನೂ ಕಷ್ಟ. ಯಾವುದೇ ಆಗ್ಲಿ, ಪೆಟ್ಟು ಬೀಳುದು ಮೊದಲು ಕಿವಿರಿಗೆ. ಕಿವಿರಿನ ಮೇಲಿನ ಲೋಳೆ ಪದರ ಸೋಪಿಗೆ ಕಿತ್ತು ಹೋಗ್ತದೆ, ಆಮೇಲೆ ನೀರಲ್ಲಿ ಎಷ್ಟು ಆಕ್ಸಿಜನ್ ಇದ್ರೂ ಮೀನಿಗೆ ತೆಗೊಳ್ಳಿಕ್ಕೆ ಆಗುದಿಲ್ಲ. ಮೇಲೆ ಬಂದು ಬಾಯಿ ಬಿಟ್ಟದ್ದು ಅದಕ್ಕೇ.

ಈಗ ಆ ನೀಲಿ ಮದ್ದು. ಅದು ಮೆಥಿಲೀನ್ ಬ್ಲೂ, ಫಂಗಸ್ಸಿಗೆ ಕೊಡುದು. ಫಿನಾಯಿಲಿಗೆ ಅದು ಪ್ರತಿಮದ್ದು ಅಲ್ಲವೇ ಅಲ್ಲ. ಉಸಿರಾಡ್ಲಿಕ್ಕೆ ಆಗದೆ ಒದ್ದಾಡುವ ಮೀನಿನ ನೀರಿಗೆ ಇನ್ನೊಂದು ಮದ್ದು, ಮತ್ತೊಂದು ಮದ್ದು ಅಂತ ಹಾಕ್ತಾ ಹೋದ್ರೆ ಕೊನೆಗೆ ಯಾವುದ್ರಿಂದ ಸತ್ತದ್ದು ಅಂತ ಯಾರಿಗೂ ಗೊತ್ತಾಗುದಿಲ್ಲ. ರಾಸಾಯನಿಕ ಬಿದ್ದ ಟ್ಯಾಂಕಿಗೆ ನೀರೇ ಮದ್ದು, ಬಾಕಿ ಎಲ್ಲ ಆಮೇಲೆ.

ಹಾಗಾದ್ರೆ ಕ್ರಮ ಎಂತ? ಟ್ಯಾಂಕಿಗೆ ಕೈ ಹಾಕುವ ಮೊದಲು ಎಲ್ಲ ಪ್ಲಗ್ ತೆಗೀರಿ, ಹೀಟರ್ ಇದ್ರೆ ಅದನ್ನ ಖಂಡಿತ ತೆಗೀರಿ, ನೀರು ಇಳಿದಾಗ ಬಿಸಿ ಹೀಟರ್ ಒಡೀತದೆ. ಮತ್ತೆ ಮೀನನ್ನ ಕೂಡ್ಲೆ ಹೊರಗೆ ತೆಗೀರಿ, ಬೇರೆ ಒಳ್ಳೆ ನೀರಿಗೆ ಹಾಕಿ. ಸಾಮಾನ್ಯವಾಗಿ ನಾವು ಹೊಸ ನೀರಿಗೆ ಮೀನನ್ನ ನಿಧಾನಕ್ಕೆ ಒಗ್ಗಿಸ್ಬೇಕು, ಕವರ್ ತೇಲಿ ಬಿಡ್ಬೇಕು ಅಂತೆಲ್ಲ ಹೇಳ್ತೇವಲ್ಲ, ಇಲ್ಲಿ ಅದು ಲೆಕ್ಕಕ್ಕಿಲ್ಲ. ವಿಷದ ನೀರಲ್ಲಿ ಹತ್ತು ನಿಮಿಷ ಹೆಚ್ಚು ಇರುದಕ್ಕಿಂತ ನೀರು ಬದಲಾದ ಶಾಕ್ ವಾಸಿ. ಬಿಸಿ ಮಾತ್ರ ನೋಡ್ಕೊಳ್ಳಿ, ಎರಡೂ ನೀರಿಗೆ ಕೈ ಅದ್ದಿ ನೋಡಿದ್ರೆ ಗೊತ್ತಾಗ್ತದೆ. ಮಧ್ಯಾಹ್ನದ ಹೊತ್ತು ತಾರಸಿ ಟ್ಯಾಂಕಿಯ ನೀರು ಸುಡ್ತಾ ಇರ್ತದೆ, ಅದು ಬೇಡ, ಬಾವಿಯಿಂದ ಆಗ ತಾನೇ ಸೇದಿದ್ದು ಒಳ್ಳೇದು.

ಯಾವ ಪಾತ್ರೆಗೆ ಹಾಕುದು ಅನ್ನುದು ಸಹ ಮುಖ್ಯ. ಬಟ್ಟೆ ನೆನೆಸುವ ಟಬ್ ಬೇಡ, ಅದ್ರಲ್ಲಿ ಸೋಪು ಕೂತಿರ್ತದೆ. ಬಚ್ಚಲಿನ ತಾಮ್ರದ ಹಂಡೆ ದೊಡ್ಡದುಂಟು ಅಂತ ಅದಕ್ಕೆ ಹಾಕ್ಲೇಬೇಡಿ. ನಮ್ಮ ಕರಾವಳಿಯ ಕೆಂಪುಕಲ್ಲಿನ ಬಾವಿ ನೀರು ಹೆಚ್ಚಾಗಿ ಮೆದು ಮತ್ತು ಸ್ವಲ್ಪ ಆಮ್ಲೀಯ, ಪಿಎಚ್ 6.5ಕ್ಕಿಂತ ಕೆಳಗೆ ಇರುದೇ ಜಾಸ್ತಿ, ಅಂಥ ನೀರು ತಾಮ್ರವನ್ನ ಕರಗಿಸ್ತದೆ, ತಾಮ್ರ ಮೀನಿಗೆ ವಿಷ, ಮೆದು ನೀರಲ್ಲಂತೂ ಇನ್ನೂ ಜಾಸ್ತಿ. ಊಟದ ಪಂಕ್ತಿಗೆ ಉಪಯೋಗಿಸುವ ಸ್ಟೀಲಿನ ದೊಡ್ಡ ಪಾತ್ರೆ, ಇಲ್ಲವೇ ಕುಡಿಯುವ ನೀರು ತುಂಬಿಸುವ ಡ್ರಮ್ ಆದೀತು. ಏರ್ ಪಂಪಿನ ಹೊಸ ಕಲ್ಲು ಇದ್ರೆ ಹಾಕಿ ಬಿಡಿ, ಹಳೇ ಕಲ್ಲು ಫಿನಾಯಿಲ್ ಹೀರಿರ್ತದೆ. ಮಳೆಗಾಲ ಬೇರೆ, ಕರೆಂಟ್ ಹೋದ್ರೆ ಒಂದು ಮಗ್ಗಲ್ಲಿ ನೀರು ಎತ್ತಿ ಎತ್ತಿ ಹೊಯ್ತಾ ಇದ್ರೂ ಗಾಳಿ ಸಿಗ್ತದೆ. ಈಗ ಉಪ್ಪು ಹಾಕ್ಬಹುದು, ಲೀಟರಿಗೆ 1 ಗ್ರಾಂ ಲೆಕ್ಕ, ಸಕ್ಕರ್ ಜೊತೆಗಿದ್ರೆ ಅದರ ಅರ್ಧ ಸಾಕು. ಗಾಯ ಆದ ಕಿವಿರಿಗೆ ಅದು ಸ್ವಲ್ಪ ಆಸರೆ. ಎರಡು ದಿವಸ ತಿಂಡಿ ಬೇಡ, ಆರೋಗ್ಯದ ಮೀನು ವಾರ ಉಪವಾಸ ಇದ್ರೂ ಎಂತ ಆಗುದಿಲ್ಲ.

ಇನ್ನು ಟ್ಯಾಂಕ್. ನಿಮ್ಮ ಟ್ಯಾಂಕ್ ಅಳತೆಗೆ 4.5 ಘನ ಅಡಿ, ಒಂದು ಘನ ಅಡಿಗೆ 28.3 ಲೀಟರ್, ಒಟ್ಟು 127 ಲೀಟರ್, ಕಲ್ಲು ಮತ್ತು ಮೇಲೆ ಬಿಟ್ಟ ಜಾಗ ಕಳೆದ್ರೆ 100 ಚಿಲ್ಲರೆ ಲೀಟರ್ ನೀರು. ಅರ್ಧ ನೀರು ಬದಲಿಸ್ತೇನೆ ಸಾಕಾ ಅಂತ ತುಂಬ ಜನ ಕೇಳ್ತಾರೆ. ಅರ್ಧ ಬದಲಿಸಿದ್ರೆ ಅರ್ಧ ವಿಷ ಉಳೀತದೆ, ಪುನಃ ಅರ್ಧ ಬದಲಿಸಿದ್ರೆ ಕಾಲು ಭಾಗ, ಮೂರನೇ ಸಲಕ್ಕೂ ನೂರರಲ್ಲಿ 12.5 ಪಾಲು ಅಲ್ಲೇ ಇರ್ತದೆ. ಮೀನು ಹೊರಗಿರುವಾಗ ಆ ಲೆಕ್ಕಾಚಾರ ಎಂತಕ್ಕೆ, ಪೂರ್ತಿ ಖಾಲಿ ಮಾಡಿ. ಪೈಪಲ್ಲಿ ನೀರು ಎಳೆಯುವಾಗ ಬಾಯಿ ಹಾಕಿ ಎಳೀಬೇಡಿ ಮಾರಾಯ್ರೆ, ಅಭ್ಯಾಸ ಇರ್ತದೆ ಗೊತ್ತುಂಟು, ಆದ್ರೆ ಇದು ಫಿನಾಯಿಲ್ ನೀರು. ಪೈಪಿಗೆ ನಲ್ಲಿಯಿಂದ ನೀರು ತುಂಬಿಸಿ, ಎರಡೂ ತುದಿ ಹೆಬ್ಬೆರಳಲ್ಲಿ ಒತ್ತಿ ಹಿಡ್ದು, ಒಂದು ತುದಿ ಟ್ಯಾಂಕೊಳಗೆ ಮುಳುಗಿಸಿ ಇನ್ನೊಂದನ್ನ ಕೆಳಗೆ ಬಿಟ್ರೆ ಆಯ್ತು. ಆ ನೀರನ್ನ ಬಾವಿ ಕಟ್ಟೆ ಹತ್ರ ಚೆಲ್ಬೇಡಿ, ತೋಡಿಗೂ ಬಿಡ್ಬೇಡಿ, ತೋಡಲ್ಲಿ ಸಹ ಮೀನು ಉಂಟಲ್ಲ.

ಕಲ್ಲನ್ನ ಪೂರ್ತಿ ಹೊರಗೆ ತೆಗ್ದು ಸ್ವಲ್ಪ ಸ್ವಲ್ಪವೇ ಬಕೆಟಿಗೆ ಹಾಕಿ, ಅಕ್ಕಿ ತೊಳೆದ ಹಾಗೆ ಕೈಯಲ್ಲಿ ತಿರುಗಿಸಿ ತಿರುಗಿಸಿ ತೊಳೀರಿ. ಗ್ಲಾಸಿಗೆ ಹೊಸ ಸ್ಪಂಜ್, ಬರೀ ನೀರು, ಸೋಪು ಮುಟ್ಟಬೇಡಿ. ಮೂಲೆಗಳಲ್ಲಿ ಸಿಲಿಕಾನ್ ಉಂಟಲ್ಲ, ಅದ್ರಲ್ಲಿ ವಾಸನೆ ಹಿಡ್ಕೊಂಡಿರ್ತದೆ, ಹಾಗಾಗಿ ಟ್ಯಾಂಕನ್ನ ತುಂಬಿಸಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಚೆಲ್ಲಿ, ಹೀಗೆ ಕೆಲವು ಸಲ ಮಾಡ್ಬೇಕು. ಸಾಕಾಯ್ತು ಅಂತ ಹೇಗೆ ಗೊತ್ತಾಗುದು? ಲೇಬಲ್ ಕಿತ್ತ ಒಂದು ಶುದ್ಧ ಪಾರದರ್ಶಕ ಬಾಟಲಿಗೆ ಟ್ಯಾಂಕಿನ ನೀರು ಅರ್ಧ ತುಂಬಿಸಿ, ಮುಚ್ಚಳ ಹಾಕಿ ಜೋರಾಗಿ ಕುಲುಕಿಸಿ ಬೆಳಕಿಗೆ ಹಿಡೀರಿ. ಒಳ್ಳೆ ನೀರಾದ್ರೆ ಗುಳ್ಳೆ ಎಲ್ಲ ಕೂಡ್ಲೆ ಒಡ್ದು ಹೋಗ್ತದೆ. ಅಂಚಿನ ಸುತ್ತ ನೊರೆ ಸಾಲು ಕೂತೇ ಇದ್ರೆ ಇನ್ನೂ ಸೋಪು ಉಂಟು. ಅದೇ ಬಾಟಲಿಯನ್ನ ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ಮುಚ್ಚಳ ತೆಗೆದ ಕೂಡ್ಲೆ ಮೂಗು ಹತ್ರ ತನ್ನಿ, ಫಿನಾಯಿಲ್ ವಾಸನೆ ಸ್ವಲ್ಪ ಇದ್ರೂ ಗೊತ್ತಾಗ್ತದೆ. ಈ ಕೆಲಸ ಅತ್ತೆಯವ್ರಿಗೆ ಕೊಡ್ಬೇಡಿ, ಮನೆಯಲ್ಲಿ ಸಣ್ಣ ಪ್ರಾಯದವ್ರಿಗೆ ಕೊಡಿ, ಪ್ರಾಯ ಆದ ಹಾಗೆ ಮೂಗಿನ ಶಕ್ತಿ ಕಮ್ಮಿ ಆಗ್ತದೆ.

ಕಷ್ಟ ಇರುದು ಫಿಲ್ಟರಿನ ಸ್ಪಂಜಲ್ಲಿ. ಟ್ಯಾಂಕಿನ ಜೀವ ಇರುದೇ ಅದ್ರಲ್ಲಿ, ಮೀನಿನ ಹಿಕ್ಕೆಯಿಂದ ಬರುವ ಅಮೋನಿಯಾವನ್ನ ನೈಟ್ರೈಟ್ ಮಾಡಿ, ಅದನ್ನ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಅಲ್ಲೇ ವಾಸ. ಫಿನಾಯಿಲ್ ಅಂದ್ರೆ ಬ್ಯಾಕ್ಟೀರಿಯಾ ಕೊಲ್ಲಲಿಕ್ಕೇ ಮಾಡಿದ್ದು. ನೀರು ತಿಳಿಯಾಯ್ತು, ಮೀನು ಬದುಕಿತು ಅಂತ ಖುಷಿಯಲ್ಲಿ ಇರುವಾಗ ಮೂರ್ನಾಲ್ಕು ದಿವಸದ ನಂತರ ಪುನಃ ಮೀನು ಸಾಯ್ಲಿಕ್ಕೆ ಶುರು ಆಗುದು ಇದೇ ಕಾರಣಕ್ಕೆ, ಆಗ ಜನ ಇನ್ನೂ ಫಿನಾಯಿಲ್ ಉಂಟು ಅಂತ ತಿಳ್ಕೊಳ್ತಾರೆ, ಕೊಲ್ಲುದು ಮಾತ್ರ ಅಮೋನಿಯಾ. ಸ್ಪಂಜನ್ನ ಒಳ್ಳೆ ನೀರಲ್ಲಿ ಹಿಂಡಿ ಹಿಂಡಿ ತೊಳೀರಿ, ವಾಸನೆ ಹೋದ್ರೆ ಇಟ್ಕೊಳ್ಳಿ, ಹೋಗದಿದ್ರೆ ಬಿಸಾಡಿ. ಹತ್ರದಲ್ಲಿ ಯಾರದ್ದಾದ್ರೂ ಮನೆಯಲ್ಲಿ ಆರೋಗ್ಯದ ಹಳೇ ಟ್ಯಾಂಕ್ ಇದ್ರೆ ಅವ್ರ ಫಿಲ್ಟರಿನ ಸ್ಪಂಜ್ ಒಂದು ತುಂಡು ಕೇಳಿ ತನ್ನಿ, ಒದ್ದೆ ಇರುವಾಗಲೇ ತಂದು ಹಾಕಿ. ಇದಕ್ಕಿಂತ ಒಳ್ಳೆ ಉಪಾಯ ಬೇರೆ ಇಲ್ಲ, ದುಡ್ಡೂ ಬೇಡ. ಸ್ಪಂಜ್ ಸಿಗದಿದ್ರೆ ಹೊಸ ಟ್ಯಾಂಕ್ ಅಂತಲೇ ತಿಳ್ಕೊಳ್ಳಿ, ಬ್ಯಾಕ್ಟೀರಿಯಾ ಪುನಃ ಬೆಳೀಲಿಕ್ಕೆ ತಿಂಗಳು, ಒಂದೂವರೆ ತಿಂಗಳು ಹೋಗ್ತದೆ. ಅಷ್ಟು ದಿವಸ ತಿಂಡಿ ಚಿಟಿಕೆಯಷ್ಟು, ಎರಡು ದಿವಸಕ್ಕೊಮ್ಮೆ ಕಾಲು ಭಾಗ ನೀರು ಬದಲಾವಣೆ, ಮತ್ತೆ ಅಂಗಡಿಯಲ್ಲಿ ಸಿಗುವ ಅಮೋನಿಯಾ, ನೈಟ್ರೈಟ್ ಟೆಸ್ಟ್ ಕಿಟ್ ತಂದು ನೋಡಿ, ಎರಡೂ ಸೊನ್ನೆ ಬರುವ ವರೆಗೆ ಹೊಸ ಮೀನು ಬೇಡ.

ಫಿಲ್ಟರಲ್ಲಿ ಹೊಸ ಆಕ್ಟಿವೇಟೆಡ್ ಕಾರ್ಬನ್ ಒಂದು ಪೊಟ್ಟಣ ಹಾಕಿ, ಉಳಿದ ಎಣ್ಣೆ, ಫೀನಾಲ್, ಮತ್ತು ನಿಮ್ಮವ್ರ ನೀಲಿ ಮದ್ದು ಎಲ್ಲ ಅದು ಹೀರ್ತದೆ. ಒಂದೆರಡು ದಿವಸಕ್ಕೆ ತೆಗ್ದು ಹೊಸತು ಹಾಕಿ, ತುಂಬಿದ ಕಾರ್ಬನ್ ಮತ್ತೆ ಕೆಲಸ ಮಾಡುದಿಲ್ಲ. ಅದು ಅಮೋನಿಯಾ ತೆಗೆಯುದಿಲ್ಲ, ಅದು ನೆನಪಿರ್ಲಿ. ಟ್ಯಾಂಕಲ್ಲಿ ಮರದ ಬೇರು ಇದ್ರೆ ಅದನ್ನ ಬೇರೆ ಬಕೆಟಲ್ಲಿ ನೆನೆ ಹಾಕಿ ವಾಸನೆ ಹೋಗುವ ತನಕ ನೀರು ಬದಲಿಸ್ತಾ ಇರಿ, ಅವಸರ ಬೇಡ.

ಇನ್ನೊಂದು, ಗೋಲ್ಡ್‌ಫಿಶ್, ಮೋಲಿ ಎರಡಕ್ಕೂ ನಮ್ಮ ಬಾವಿ ನೀರಿಗಿಂತ ಸ್ವಲ್ಪ ಗಡಸು ನೀರು ಬೇಕು. ಪೂರ್ತಿ ನೀರು ಬದಲಿಸಿದ ಮೇಲೆ ಮೀನು ಮಂಕಾಗಿದ್ರೆ ನಾಲ್ಕು ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ಚೆನ್ನಾಗಿ ಕುದಿಸಿ, ಉಜ್ಜಿ ತೊಳ್ದು ಫಿಲ್ಟರೊಳಗೆ ಇಡಿ, ನಿಧಾನಕ್ಕೆ ಕರಗಿ ಪಿಎಚ್ ಏರಿಸ್ತದೆ. ಮಸಾಲೆ ಹಾಕಿ ಸುಕ್ಕ ಮಾಡಿದ ಚಿಪ್ಪು ಬೇಡ, ಆ ಎಣ್ಣೆ ಬಿಡ್ಲಿಕ್ಕೆ ಇನ್ನೊಂದು ಪತ್ರ ಬರೀಬೇಕಾದೀತು. ನೀವೇ ಉಡುಪಿಯವ್ರು, ಮರುವಾಯಿ ಎಲ್ಲಿ ಸಿಗ್ತದೆ ಅಂತ ನಾನು ಹೇಳ್ಬೇಕಂತ ಇಲ್ಲ.

ಪ್ರಶ್ನೆ: ನಮ್ಮ ಮನೆ ಮಂಗಳೂರು ಬಿಜೈ. ಅಡುಗೆಕೋಣೆಯಲ್ಲಿ ಜಿರಳೆಗೆ ಸ್ಪ್ರೇ ಹೊಡೆದದ್ದು, ಟ್ಯಾಂಕ್ ಇರುದು ಊಟದ ಹಾಲಲ್ಲಿ, ನಡುವೆ ಬಾಗಿಲು ಕೂಡ ಹಾಕಿತ್ತು. ಆದ್ರೂ ರಾತ್ರಿಯೊಳಗೆ ಸಿಗಡಿ ಎಲ್ಲ ಸತ್ತು ಕೆಂಪಾಯ್ತು, ಗಪ್ಪಿಗಳು ಹುಚ್ಚು ಹಿಡಿದ ಹಾಗೆ ಸುತ್ತು ಹೊಡೀತಾ ಇದ್ವು. ನೀರಿಗೆ ಒಂದು ಹನಿ ಸಹ ಬಿದ್ದಿಲ್ಲ. ಇದು ಹೇಗೆ ಸಾಧ್ಯ? ಟ್ಯಾಂಕ್ ತೊಳೆದು ಪುನಃ ಮೀನು ಬಿಡ್ಬಹುದಾ?

ಉತ್ತರ: ಹನಿ ಬೀಳ್ಬೇಕಂತ ಇಲ್ಲ. ಏರ್ ಪಂಪ್ ಎಂತ ಮಾಡ್ತದೆ ಹೇಳಿ, ಮನೆಯ ಗಾಳಿಯನ್ನ ಎಳ್ದು ನೀರೊಳಗೆ ಗುಳ್ಳೆ ಮಾಡಿ ಬಿಡ್ತದೆ, ರಾತ್ರಿ ಹಗಲು. ಗಾಳಿಯಲ್ಲಿ ಸ್ಪ್ರೇ ಇದ್ರೆ ಅದನ್ನೂ ತೆಗೊಂಡು ಹೋಗಿ ನೀರಿಗೆ ಸೇರಿಸ್ತದೆ. ನಿಮ್ಮ ಪಂಪ್ ಅಡುಗೆಕೋಣೆ ಗೋಡೆ ಹತ್ರ ನೇತಾಡ್ತಾ ಇದ್ದಿರ್ಬೇಕು ಅಂತ ನನ್ನ ಅಂದಾಜು.

ಸ್ಪ್ರೇ ಡಬ್ಬಿಯ ಹಿಂದೆ ಓದಿ, ಇಮಿಪ್ರೋತ್ರಿನ್, ಸೈಪರ್ಮೆತ್ರಿನ್ ಅಂತ ಹೆಸರು ಕಾಣ್ತದೆ. ಸೊಳ್ಳೆಯ ಲಿಕ್ವಿಡಲ್ಲಿ ಟ್ರಾನ್ಸ್‌ಫ್ಲೂತ್ರಿನ್, ಪ್ರಾಲೆತ್ರಿನ್. ಹೀಗೆ ಕೊನೆಗೆ ‘ತ್ರಿನ್’ ಬಂದ್ರೆ ಮೀನು ಸಾಕುವವ್ರು ಎಚ್ಚರ ಆಗ್ಬೇಕು. ಸೇವಂತಿಗೆ ಜಾತಿಯ ಹೂವಲ್ಲಿ ಸಿಗುವ ಪೈರಿಥ್ರಮ್ ಅನ್ನುವ ವಸ್ತುವನ್ನ ನೋಡಿ ಲ್ಯಾಬಲ್ಲಿ ಮಾಡಿದ ಕೀಟನಾಶಕಗಳಿವು. ಮನುಷ್ಯನ ಶರೀರ ಇದನ್ನ ಬೇಗ ಒಡೆದು ಹೊರಗೆ ಹಾಕ್ತದೆ, ಮೀನಿಗೆ ಆ ಸಾಮರ್ಥ್ಯ ಬಹಳ ಕಮ್ಮಿ, ನರಗಳ ಮೇಲೆ ಕೆಲಸ ಮಾಡ್ತದೆ, ಸುತ್ತು ಹೊಡೆಯುದು, ನಡುಗುದು, ಮಗುಚಿ ಬೀಳುದು ಎಲ್ಲ ಅದರ ಲಕ್ಷಣ. ಸಿಗಡಿ ಅಂದ್ರೆ ಜಿರಳೆಯ ದೂರದ ನೆಂಟ, ಎರಡಕ್ಕೂ ಕಾಲಿನಲ್ಲಿ ಗೆಣ್ಣು, ಮೈಮೇಲೆ ಚಿಪ್ಪು, ಹಾಗಾಗಿ ಜಿರಳೆ ಸಾಯುವ ಮದ್ದಿಗೆ ಸಿಗಡಿ ಮೊದಲು ಹೋಗ್ತದೆ.

ಫಿನಾಯಿಲಿಗಿಂತ ಇದು ಕಿರಿಕಿರಿ ಯಾಕಂದ್ರೆ ಈ ವಸ್ತು ನೀರಲ್ಲಿ ಇರ್ಲಿಕ್ಕೆ ಇಷ್ಟ ಪಡುದಿಲ್ಲ, ಸಿಲಿಕಾನ್, ಪ್ಲಾಸ್ಟಿಕ್ ಪೈಪ್, ಸ್ಪಂಜ್, ಮರ, ಕಲ್ಲಿನ ನಡುವಿನ ಕೊಳೆ, ಇಂಥದ್ದಕ್ಕೆ ಹೋಗಿ ಅಂಟ್ಕೊಳ್ತದೆ. ನೀರು ಬದಲಿಸಿದ ಮೇಲೂ ಅಲ್ಲಿಂದ ಸ್ವಲ್ಪ ಸ್ವಲ್ಪ ಬಿಡ್ತಾ ಇರ್ತದೆ. ಹಾಗಾಗಿ ಗಪ್ಪಿಗಳನ್ನ ಕೂಡ್ಲೆ ಬೇರೆ ನೀರಿಗೆ, ಬೇರೆ ಕೋಣೆಗೆ. ಟ್ಯಾಂಕಿನ ಮರ, ಸ್ಪಂಜ್, ಏರ್ ಪೈಪ್, ಗಾಳಿ ಕಲ್ಲು ಎಲ್ಲ ಬಿಸಾಡಿ, ಇದ್ರಲ್ಲಿ ಜಿಪುಣತನ ಮಾಡಿ ಪ್ರಯೋಜನ ಇಲ್ಲ, ಎಲ್ಲ ಸೇರಿದ್ರೂ ಒಂದು ಜೊತೆ ಒಳ್ಳೆ ಮೀನಿನ ಕ್ರಯ ಆಗುದಿಲ್ಲ. ಕಲ್ಲನ್ನ ಚೆನ್ನಾಗಿ ತೊಳ್ದು ಬಿಸಿಲಿಗೆ ಹರಡಿ, ಟ್ಯಾಂಕ್ ಖಾಲಿ ಮಾಡಿ ಒರೆಸಿ, ಪುನಃ ನೀರು ತುಂಬಿಸಿ ಕಾರ್ಬನ್ ಹಾಕಿ ಫಿಲ್ಟರ್ ಓಡಿಸಿ. ಒಂದೆರಡು ದಿವಸಕ್ಕೊಮ್ಮೆ ನೀರು, ಕಾರ್ಬನ್ ಎರಡೂ ಬದಲು. ಎರಡು ವಾರ ಆದ್ರೂ ಹೀಗೆ ನಡೀಲಿ.

ಪರೀಕ್ಷೆಗೆ ಹೊಸ ಮೀನು ತಂದು ಬಿಟ್ಟು ನೋಡುವ ಅಂತ ಅಂಗಡಿಯವ್ರು ಹೇಳ್ತಾರೆ, ನನಗೆ ಅದು ಸರಿ ಕಾಣುದಿಲ್ಲ. ಅದಕ್ಕಿಂತ ಎರಡು ಗ್ಲಾಸ್ ತೆಗೊಳ್ಳಿ, ಒಂದ್ರಲ್ಲಿ ಟ್ಯಾಂಕಿನ ನೀರು, ಒಂದ್ರಲ್ಲಿ ಬಾವಿ ನೀರು. ಎರಡಕ್ಕೂ ಐದಾರು ಸೊಳ್ಳೆ ಮರಿ ಬಿಡಿ, ಮಳೆಗಾಲದಲ್ಲಿ ಮಂಗಳೂರಲ್ಲಿ ಸೊಳ್ಳೆ ಮರಿಗೆ ಬರಗಾಲ ಇಲ್ಲವಲ್ಲ. ಮೇಲೆ ಬಟ್ಟೆ ಕಟ್ಟಿ 24 ಗಂಟೆ ಬಿಡಿ. ಟ್ಯಾಂಕ್ ನೀರಿನದ್ದು ಮಾತ್ರ ಸತ್ತು ಅಡಿಗೆ ಹೋದ್ರೆ ಇನ್ನೂ ಮದ್ದು ಉಂಟು ಅಂತ ಲೆಕ್ಕ, ಎರಡರಲ್ಲೂ ಕುಣೀತಾ ಇದ್ರೆ ಒಂದು ಹಂತಕ್ಕೆ ಬಂತು ಅಂತ. ಕೆಲವು ಕಡೆಯ ಸೊಳ್ಳೆಗೆ ಈ ಮದ್ದು ನಾಟುದಿಲ್ಲ, ಹಾಗಾಗಿ ಕಣ್ಣು ಮುಚ್ಚಿ ನಂಬ್ಬೇಡಿ, ಗಪ್ಪಿಯನ್ನ ಮೊದಲು ಒಂದೆರಡೇ ಬಿಟ್ಟು ನೋಡಿ, ಸಿಗಡಿಯನ್ನ ಕೆಲವು ತಿಂಗಳು ಮರೆತುಬಿಡಿ. ಪರೀಕ್ಷೆ ಮುಗಿದ ಕೂಡ್ಲೆ ಆ ಮರಿಗಳ ನೀರನ್ನ ಒಣ ನೆಲಕ್ಕೆ ಚೆಲ್ಲಿ. ನಡುವೆ ಆಶಾ ಕಾರ್ಯಕರ್ತೆಯರು ಲಾರ್ವಾ ಹುಡುಕ್ಲಿಕ್ಕೆ ಬಂದ್ರೆ ಈ ಅಂಕಣದ ಹೆಸರು ಹೇಳ್ಬೇಡಿ.

ಇನ್ನು ಮುಂದೆ, ಮಲೇರಿಯಾದ ಊರಲ್ಲಿ ಇದ್ದುಕೊಂಡು ಸೊಳ್ಳೆ ಮದ್ದು ಬೇಡ ಅಂತ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ಫಾಗಿಂಗ್ ಗಾಡಿಯ ಶಬ್ದ ಕೇಳಿದ ಕೂಡ್ಲೆ ಕಿಟಕಿ ಮುಚ್ಚಿ, ಏರ್ ಪಂಪ್ ಬಂದ್ ಮಾಡಿ, ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಅಥವಾ ಪ್ಲಾಸ್ಟಿಕ್ ಹಾಕಿ, ಗಾಳಿ ತಿಳಿಯಾದ ಮೇಲೆ ಪಂಪ್ ಹಾಕಿ, ತುಂಬ ಮೀನು ಇದ್ರೆ ಅದಕ್ಕೂ ಹೆಚ್ಚು ಹೊತ್ತು ಬಂದ್ ಮಾಡ್ಬೇಡಿ. ಸೊಳ್ಳೆ ಲಿಕ್ವಿಡನ್ನ ಟ್ಯಾಂಕ್ ಇರುವ ಕೋಣೆಯಲ್ಲಿ ಬಾಗಿಲು ಮುಚ್ಚಿ ರಾತ್ರಿಯಿಡೀ ಉರಿಸುದು ಬೇಡ. ಸೊಳ್ಳೆ ಪರದೆ ಕಟ್ಟಿದ್ರೆ ಎರಡೂ ಕಡೆಯವ್ರಿಗೆ ಸುಖ. ಆ ಗಪ್ಪಿಗಳೇ ಸೊಳ್ಳೆ ಮರಿ ತಿನ್ಲಿಕ್ಕೆ ಅಂತ ಸರ್ಕಾರದವ್ರು ಬಾವಿಗೆ, ತೊಟ್ಟಿಗೆ ಬಿಡುವ ಮೀನು, ಸೊಳ್ಳೆಗೆ ಅಂತ ಹೊಡೆದ ಮದ್ದಿಗೆ ಅವೇ ಸಾಯುದು ನೋಡಿದ್ರೆ ಬೇಜಾರಾಗ್ತದೆ.

ಪ್ರಶ್ನೆ: ನಾವು ಕಾಪು ಹತ್ರದವ್ರು. ಮಳೆಗಾಲಕ್ಕೆ ಮೊದಲು ಪಂಚಾಯತಿನವ್ರು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ ಹೋದ್ರು, ಗೊತ್ತಿಲ್ಲದೆ ಅದೇ ನೀರು ಟ್ಯಾಂಕಿಗೆ ಹಾಕಿದೆವು. ಒಂದು ಏಂಜೆಲ್ ಮೀನು ಸತ್ತಿತು, ಉಳಿದವು ಹುಷಾರಿಲ್ಲ. ಟ್ಯಾಂಕ್ ಪೂರ್ತಿ ಖಾಲಿ ಮಾಡ್ಬೇಕಾ?

ಉತ್ತರ: ಬೇಡ ಅಣ್ಣ. ಬೀಳುವ ರಾಸಾಯನಿಕಗಳಲ್ಲಿ ಕ್ಲೋರಿನ್ನೇ ಒಂದು ಸಜ್ಜನ ಅಂತ ಹೇಳ್ಬಹುದು, ಅದಕ್ಕೆ ಸರಿಯಾದ ಪ್ರತಿಮದ್ದು ಉಂಟು, ಹಿಂದೆ ಎಂತದೂ ಬಿಟ್ಟು ಹೋಗುದಿಲ್ಲ. ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಅಂತ ಕೊಡುವ ಬಿಳಿ ಹರಳು ಸೋಡಿಯಂ ಥಯೋಸಲ್ಫೇಟ್, ಹಿಂದೆ ಫೋಟೋ ಸ್ಟುಡಿಯೋದವ್ರು ಹೈಪೋ ಅಂತ ಹೇಳ್ತಾ ಇದ್ದದ್ದು ಇದನ್ನೇ. 1 ಮಿಲಿಗ್ರಾಂ ಕ್ಲೋರಿನ್ನಿಗೆ ಸುಮಾರು 7 ಮಿಲಿಗ್ರಾಂ ಹರಳು ಬೇಕು. 100 ಲೀಟರ್ ನೀರಲ್ಲಿ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಇದ್ರೂ ಒಂದೂವರೆ ಗ್ರಾಂ ಹರಳು ಸಾಕು, ಸ್ವಲ್ಪ ಹೆಚ್ಚಾದ್ರೆ ತೊಂದರೆ ಇಲ್ಲ. ಒಂದು ಲೋಟ ನೀರಲ್ಲಿ ಕರಗಿಸಿ ಹಾಕಿ, ಗಾಳಿ ಜೋರಾಗಿ ಬಿಡಿ.

ಬಾವಿಗೆ ಸಾಮಾನ್ಯವಾಗಿ 1000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಅನ್ನುದು ಲೆಕ್ಕ. ಅಷ್ಟೇ ಹಾಕಿದ್ರೆ ಒಂದೆರಡು ದಿವಸದಲ್ಲಿ ಹೋಗ್ತದೆ, ಆದ್ರೆ ಬಾವಿಯಲ್ಲಿ ನೀರು ಎಷ್ಟುಂಟು ಅಂತ ಅಳೆದು ಹಾಕುವಷ್ಟು ಪುರುಸೊತ್ತು ಎಲ್ಲರಿಗೂ ಇರುದಿಲ್ಲ, ಒಂದೆರಡು ಮುಷ್ಟಿ ಹೆಚ್ಚೇ ಬೀಳ್ತದೆ. ಹಾಗಾಗಿ ಪೌಡರ್ ಹಾಕಿದ ವಾರ ಬಾವಿ ನೀರನ್ನ ಬಕೆಟಲ್ಲಿ ಒಂದು ದಿವಸ ಗಾಳಿ ಬಿಟ್ಟು ಇಟ್ಟು ಆಮೇಲೆ ಹಾಕಿ. ಪೇಟೆಯಲ್ಲಿ ನಲ್ಲಿ ನೀರು ಬಳಸುವವ್ರಿಗೆ, ಮಂಗಳೂರಲ್ಲಿ ತುಂಬೆ ನೀರು, ಉಡುಪಿಯಲ್ಲಿ ಬಜೆಯ ನೀರು, ಇದು ವರ್ಷಪೂರ್ತಿಯ ಕೆಲಸ. ಕುಡಿಯುವ ನೀರಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರ್ಬೇಕು ಅನ್ನುದು ನಿಯಮ, ಅದು ನಮ್ಮ ಹೊಟ್ಟೆಗೆ ಒಳ್ಳೇದು, ಮೀನಿನ ಕಿವಿರಿಗೆ ಅದಕ್ಕಿಂತ ಕಮ್ಮಿ ಇದ್ರೂ ಕಷ್ಟ. ಫಿಲ್ಟರ್ ಬ್ಯಾಕ್ಟೀರಿಯಾ ವಿಷಯ ಮೇಲೆ ಬರೆದದ್ದನ್ನ ನೀವೂ ಓದಿ.

ಪ್ರಶ್ನೆ: ಹಳೇ ಟ್ಯಾಂಕ್ ಕ್ರಯಕ್ಕೆ ತೆಗೊಂಡೆ, ಬಿಳಿ ಕಲೆ, ಪಾಚಿ, ಎಂತದೋ ವಾಸನೆ. ಟಾಯ್ಲೆಟ್ ಕ್ಲೀನರ್ ಮತ್ತು ಬ್ಲೀಚಿಂಗ್ ಎರಡೂ ಒಟ್ಟಿಗೆ ಹಾಕಿ ತಿಕ್ಕಿದ್ರೆ ಬೇಗ ಹೋಗ್ತದೆ ಅಂತ ಫ್ರೆಂಡ್ ಹೇಳಿದ. ಮಾಡ್ಬಹುದಾ? (ಸುರತ್ಕಲ್)

ಉತ್ತರ: ದಯವಿಟ್ಟು ಬೇಡ. ಟಾಯ್ಲೆಟ್ ಕ್ಲೀನರಲ್ಲಿ ಇರುದು ಹೆಚ್ಚಾಗಿ ಹೈಡ್ರೋಕ್ಲೋರಿಕ್ ಆಸಿಡ್, ಅದು ಬ್ಲೀಚಿಗೆ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರ್ತದೆ, ಬಚ್ಚಲಿನಂಥ ಸಣ್ಣ ಜಾಗದಲ್ಲಿ ಮನುಷ್ಯನೇ ಬೀಳ್ತಾನೆ. ಅಮೋನಿಯಾ ಇರುವ ಗ್ಲಾಸ್ ಕ್ಲೀನರನ್ನ ಸಹ ಬ್ಲೀಚಿಗೆ ಸೇರಿಸ್ಬಾರ್ದು. ಬಿಳಿ ಕಲೆಗೆ ವಿನೆಗರಲ್ಲಿ ಅದ್ದಿದ ಬಟ್ಟೆ ಅಂಟಿಸಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿ, ಚೆನ್ನಾಗಿ ತೊಳೀರಿ. ಪೂರ್ತಿ ತೊಳೆದಾದ ಮೇಲೆ, ಬೇರೆ ದಿವಸ, ಲಿಕ್ವಿಡ್ ಬ್ಲೀಚ್ 1 ಪಾಲಿಗೆ 20 ಪಾಲು ನೀರು ಸೇರಿಸಿ ಅಂಗಳದಲ್ಲಿ ಸ್ವಲ್ಪ ಹೊತ್ತು ಬಿಡಿ. ವಾಸನೆ ಇಲ್ಲದ, ಬಣ್ಣ ಇಲ್ಲದ ಬ್ಲೀಚ್ ಆಗ್ಬೇಕು, ಲಿಂಬೆ, ಗುಲಾಬಿ ಪರಿಮಳದ್ದು ಬೇಡ. ಆಮೇಲೆ ತೊಳ್ದು, ಹೈಪೋ ಹಾಕಿದ ನೀರು ತುಂಬಿಸಿ ಚೆಲ್ಲಿ, ಒಣಗಿಸಿ. ಮರ, ಸ್ಪಂಜಿಗೆ ಬ್ಲೀಚ್ ಬೇಡ. ವಾಸನೆ ಎಂತದ್ದು ಅಂತ ಮಾರಿದವ್ರ ಹತ್ರ ಕೇಳಿ ನೋಡಿ, ಗೆದ್ದಲಿನ ಮದ್ದು ಹೊಡೆದ ಕೋಣೆಯಲ್ಲಿ ಇತ್ತು ಅಂತಾದ್ರೆ ಟ್ಯಾಂಕ್ ವಾಪಸ್ ಕೊಟ್ಟುಬಿಡಿ.

ಪ್ರಶ್ನೆ: ಆಕ್ಟಿವೇಟೆಡ್ ಕಾರ್ಬನ್ ಮಾಡುದು ಗೆರಟೆಯಿಂದ ಅಂತ ಕೇಳಿದ್ದೇನೆ. ನಮ್ಮಲ್ಲಿ ಒಲೆಗೆ ಹಾಕಿದ ಗೆರಟೆ ಇದ್ದಲು ಬೇಕಾದಷ್ಟು ಉಂಟು, ಅದನ್ನೇ ಫಿಲ್ಟರಿಗೆ ಹಾಕಿದ್ರೆ ಆಗುದಿಲ್ವಾ? (ಮೂಡುಬಿದಿರೆ)

ಉತ್ತರ: ಗೆರಟೆಯಿಂದ ಮಾಡುದು ಹೌದು, ಆದ್ರೆ ಆ ಇದ್ದಲನ್ನ ಫ್ಯಾಕ್ಟರಿಯಲ್ಲಿ 800 ಡಿಗ್ರಿಗಿಂತ ಮೇಲೆ ಬಿಸಿ ಮಾಡಿ ಹಬೆ ಹಾಯಿಸ್ತಾರೆ, ಆಗ ಒಳಗೆಲ್ಲ ಕಣ್ಣಿಗೆ ಕಾಣದ ತೂತು ಆಗಿ ಒಂದು ಗ್ರಾಮಿಗೆ ಸಾವಿರ ಚದರ ಮೀಟರಿನಷ್ಟು ಹೀರುವ ಜಾಗ ಸಿಗ್ತದೆ. ಒಲೆಯ ಇದ್ದಲಿಗೆ ಅದಿಲ್ಲ, ಮೇಲಿಂದ ಬೂದಿ ಬೇರೆ, ಪಿಎಚ್ ಏರಿ ಇನ್ನೊಂದು ತಲೆಬಿಸಿ. ಉಪಯೋಗಿಸಿದ ಕಾರ್ಬನನ್ನ ಕುದಿಸಿ ಪುನಃ ಹಾಕುದು ಸಹ ಪ್ರಯೋಜನ ಇಲ್ಲ, ಅದನ್ನ ಮನೆಯಲ್ಲಿ ಹೊಸತು ಮಾಡ್ಲಿಕ್ಕೆ ಆಗುದಿಲ್ಲ.

ಪ್ರಶ್ನೆ: ಕೈಗೆ ಸ್ಯಾನಿಟೈಸರ್ ಹಾಕಿ ಟ್ಯಾಂಕೊಳಗೆ ಕೈ ಹಾಕ್ಬಹುದಾ? (ಮಣಿಪಾಲ)

ಉತ್ತರ: ಬೇಡ. ಬರೀ ನೀರಲ್ಲಿ ಮೊಣಕೈ ತನಕ ತೊಳ್ದು ಹಾಕಿ. ಬಾಮ್, ತೆಂಗಿನೆಣ್ಣೆ, ಸೊಳ್ಳೆ ಕ್ರೀಮ್ ಹಚ್ಚಿದ ಕೈಯೂ ಬೇಡ.

ಪ್ರಶ್ನೆ: ನಮ್ಮ ಟ್ಯಾಂಕಲ್ಲಿ ಒಂದೇ ರಾತ್ರಿ ಎಲ್ಲ ಮೀನು ಸತ್ತಿದೆ, ಎಂತ ಬಿತ್ತು ಅಂತ ಯಾರಿಗೂ ಗೊತ್ತಿಲ್ಲ. ಟೆಸ್ಟ್ ಮಾಡಿಸ್ಲಿಕ್ಕೆ ಎಲ್ಲಾದ್ರೂ ಆಗ್ತದಾ? (ಕಾವೂರು)

ಉತ್ತರ: ಎಂತ ಬಿತ್ತು ಅಂತ ಗೊತ್ತಿಲ್ಲದೆ ಇಂಥ ವಿಷ ಬಿತ್ತು ಅಂತ ಕಂಡು ಹಿಡಿಯುದು ಕಷ್ಟ, ಲ್ಯಾಬಿನವ್ರಿಗೆ ಎಂತ ಹುಡುಕ್ಬೇಕು ಅಂತ ಮೊದಲು ಹೇಳ್ಬೇಕಾಗ್ತದೆ. ಆದ್ರೆ ವಿಷವಾ, ರೋಗವಾ, ಆಕ್ಸಿಜನ್ ಕಮ್ಮಿಯಾ ಅಂತ ಒಂದು ಅಂದಾಜು ಸಿಗ್ಬಹುದು. ಮಂಗಳೂರು ಎಕ್ಕೂರಲ್ಲಿ 1969ರಲ್ಲಿ ಶುರುವಾದ ಮೀನುಗಾರಿಕಾ ಕಾಲೇಜು ಉಂಟು, ಮೀನಿನ ರೋಗದ ಬಗ್ಗೆ ಕಲಿಸುವವ್ರು ಅಲ್ಲಿದ್ದಾರೆ. ಮೊದಲು ಫೋನ್ ಮಾಡಿ ಕೇಳಿ ಹೋಗಿ. ಹೋಗುವಾಗ ಸಾಯ್ಲಿಕ್ಕಾದ ಮೀನು ಇದ್ರೆ ಟ್ಯಾಂಕಿನ ನೀರಲ್ಲೇ ತೆಗೊಂಡು ಹೋಗಿ, ಆಗ ತಾನೇ ಸತ್ತದ್ದಾದ್ರೆ ಕವರಲ್ಲಿ ಹಾಕಿ ಐಸ್ ಮೇಲಿಡಿ, ಫ್ರೀಜರಲ್ಲಿ ಗಟ್ಟಿ ಮಾಡ್ಬೇಡಿ. ಟ್ಯಾಂಕಿನ ನೀರು 1 ಲೀಟರ್ ಬೇರೆ ಬಾಟಲಿಯಲ್ಲಿ, ಸೋಪು ಹಾಕಿ ತೊಳೆದ ಬಾಟಲಿ ಆಗ್ಬಾರ್ದು. ಹಿಂದಿನ ದಿವಸ ಮನೆಯಲ್ಲಿ ಪೇಂಟಿಂಗ್, ಗೆದ್ದಲು ಮದ್ದು, ಸ್ಪ್ರೇ, ಅಗರಬತ್ತಿ ಎಂತೆಂತ ಇತ್ತು ಅಂತ ಒಂದು ಚೀಟಿಯಲ್ಲಿ ಬರ್ಕೊಂಡು ಹೋಗಿ. ಬೆಳಿಗ್ಗೆ ಸತ್ತ ಮೀನನ್ನ ಸಂಜೆ ತೆಗೊಂಡು ಹೋದ್ರೆ ಯಾರಿಗೂ ಎಂತದೂ ಹೇಳ್ಲಿಕ್ಕೆ ಬರುದಿಲ್ಲ.